ಕೂಸಿನ ಎಡಗೈ ಮತ್ತು ಒಂದು ಕೆಂಪು ಕಟ್ಟಿಗೆ ತುಂಡು

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಇಬ್ಬರು ಮೂವರು ಬ್ಲಾಗ್ ಗೆಳೆಯರು ಮೇಲ್ ಹಾಕಿ "ಎಲ್ಲಿ ಮಾಯ ಆದ್ರಿ?" ಎಂದು ಕೇಳಿದರು. ಮಾಯವಾಗಿರಲಿಲ್ಲ, ಧಾರವಾಡ-ಹುಬ್ಬಳ್ಳಿ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕಾರಣ ನನ್ನ ತಂಗಿಯ ಮಗಳು. ಸಾಮಾನ್ಯವಾಗಿ ನಾನು ಇಲ್ಲಿ ಬರೆಯುವುದು ಶಾಸನ, ಕೋಟೆ, ಹಳೆಯ ದಫ್ತರುಗಳ ಬಗ್ಗೆ. ಈ ಸಲದ ಇತಿಹಾಸ ಒಂದು ಕೂಸಿನ ಕೈಯದು.

ಕೂಸು ಎಂಟು ವಾರ ಮೊದಲೇ ಹುಟ್ಟಿತು. ಮೊದಲ ಕೆಲವು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಆಮೇಲೆ ಮನೆಗೆ ಬಂತು, ಹಾಲು ಕುಡಿಯಿತು, ಮೈ ತುಂಬಿಕೊಂಡಿತು, ನಮ್ಮೆಲ್ಲರ ಜೀವ ಜಾಗಕ್ಕೆ ಬಂತು. ಏಳನೆಯ ತಿಂಗಳಲ್ಲಿ ಕೈ ಚಾಚಿ ಗಿಲಕಿ ಹಿಡಿಯತೊಡಗಿತು. ಯಾವಾಗಲೂ ಬಲಗೈಯಿಂದಲೇ! ಗಿಲಕಿ ಎಡಗಡೆ ಬಿದ್ದಿದ್ದರೂ ಮೈಯೆಲ್ಲ ತಿರುಗಿಸಿ ಬಲಗೈಯನ್ನೇ ಆ ಕಡೆ ತರುತ್ತಿತ್ತು. ಎಡಗೈ ಮಾತ್ರ ಹೆಬ್ಬೆರಳನ್ನು ಒಳಗೆ ಮಡಚಿಕೊಂಡು, ಮುಷ್ಟಿ ಕಟ್ಟಿಕೊಂಡು, ಎದೆಯ ಹತ್ತಿರ ಸುಮ್ಮನೆ ಇರುತ್ತಿತ್ತು.

ನಮ್ಮವ್ವನಿಗೆ ಹಿಗ್ಗೋ ಹಿಗ್ಗು. "ನೋಡೋ, ಎಷ್ಟ ಶಾಣ್ಯಾ ಐತಿ ಕೂಸು. ಎಲ್ಲಾ ಬಲಗೈಲೇನ ಹಿಡಿತೈತಿ. ನಿನ್ನಂಗ ಎಡಚ ಅಲ್ಲ."

ಇಲ್ಲಿ ನನ್ನ ಕಥೆಯನ್ನೂ ಹೇಳಬೇಕು. ನಾನು ಹುಟ್ಟಾ ಎಡಚ. ಶಾಲೆಗೆ ಹೋಗುವ ಮೊದಲು ಮನೆಯಲ್ಲಿ, ಆಮೇಲೆ ಶಾಲೆಯಲ್ಲಿ, ನನ್ನ ಎಡಗೈಗೆ ಬಿದ್ದ ಏಟುಗಳಿಗೆ ಲೆಕ್ಕವಿಲ್ಲ. ಒಂದು ಬೇಸಿಗೆ ಇಡೀ ಊಟದ ಹೊತ್ತಿಗೆ ನನ್ನ ಎಡಗೈಗೆ ಅವ್ವನ ಹಳೇ ಸೀರೆಯ ಅಂಚು ಕಟ್ಟಿರುತ್ತಿತ್ತು. ಈಗಲೂ ನಾನು ಬರೆಯುವುದು ಬಲಗೈಯಿಂದ, ಸಿಟ್ಟು ಬಂದಾಗ ಏಳುವುದು ಎಡಗೈ :-) ಹೀಗಾಗಿ ಈ ಕೂಸಿಗೆ ಆ ತ್ರಾಸು ಇಲ್ಲವಲ್ಲ ಎಂದು ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನೇ. "ಬಲಗೈ ಬಂಗಾರಿ" ಎಂದು ಹೆಸರಿಟ್ಟವನೂ ನಾನೇ. ಆ ಹೆಸರನ್ನು ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಲು ಹೋದಾಗ ಸಿಸ್ಟರ್ ಒಬ್ಬರು ಕೂಸನ್ನು ಎತ್ತಿಕೊಂಡು ಕೇಳಿದರು, "ಎಡಗೈ ತಗೀತೈತೇನ್ರಿ ಇದು?" ತಂಗಿ ಹೆಮ್ಮೆಯಿಂದಲೇ "ಇಲ್ರಿ, ಬರೇ ಬಲಗೈ" ಎಂದಳು. ಸಿಸ್ಟರ್ ನಗಲಿಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿರಿ ಎಂದರು. ಡಾಕ್ಟರು ನೋಡಿ, ಮೊದಲು ಒಂದು ಆಕ್ಯುಪೇಶನಲ್ ಥೆರಪಿ ಮೌಲ್ಯಮಾಪನ ಆಗಲಿ ಎಂದು ಚೀಟಿ ಬರೆದುಕೊಟ್ಟರು.

ಅವ್ವ ಆ ಹೆಸರಿನ ಅರ್ಥ ಕೇಳಿದಳು. ಕನ್ನಡದಲ್ಲಿ ಇದಕ್ಕೆ "ಔದ್ಯೋಗಿಕ ಚಿಕಿತ್ಸೆ" ಅನ್ನುತ್ತಾರೆ ಎಂದೆ. "ಒಂಬತ್ತ ತಿಂಗಳ ಕೂಸಿಗೆ ಎಂಥಾ ಉದ್ಯೋಗೋ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಾನು ಮಾಡುವುದು ಒಂದೇ ಕೆಲಸ, ಇತಿಹಾಸ ಹುಡುಕುವುದು.

ಹುಡುಕುತ್ತಾ ಹೋದರೆ ಈ ಚಿಕಿತ್ಸೆಯ ಬೇರು ಸಿಗುವುದು ಹುಚ್ಚಾಸ್ಪತ್ರೆಗಳಲ್ಲಿ. 18ನೆಯ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಫಿಲಿಪ್ ಪಿನೆಲ್, ಇಂಗ್ಲೆಂಡಿನ ಯಾರ್ಕ್‌ನಲ್ಲಿ ವಿಲಿಯಂ ಟ್ಯೂಕ್ ಮನೋರೋಗಿಗಳನ್ನು ಸಂಕೋಲೆ ಹಾಕಿ ಕೂಡಿಡುವ ಬದಲು ಮನುಷ್ಯರಂತೆ ನೋಡಿಕೊಳ್ಳಬೇಕು, ತೋಟ, ಹೊಲಿಗೆ, ಕೈಕೆಲಸಗಳಲ್ಲಿ ತೊಡಗಿಸಬೇಕು ಎಂದು ಪಟ್ಟುಹಿಡಿದರು. ಟ್ಯೂಕ್‌ನ ಆಶ್ರಮ ತೆರೆದದ್ದು 1796ರಲ್ಲಿ. ನಮ್ಮ ಧಾರವಾಡದಲ್ಲಿ ಬ್ರಿಟಿಷರು ಮನೋರೋಗಿಗಳ ಆಸ್ಪತ್ರೆ ಶುರುಮಾಡಿದ್ದು 1845ರಲ್ಲಿ. ಈಗ ಅದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. "ನಿನ್ನ ಧಾರವಾಡಕ್ಕ ಒಯ್ಯಬೇಕಾಗೈತಿ" ಎಂಬ ಬೈಗುಳವನ್ನು ಉತ್ತರ ಕರ್ನಾಟಕದಲ್ಲಿ ಕೇಳದವರಿಲ್ಲ. ಧಾರವಾಡದವರಾದ ನಾವು ಅದನ್ನು ಕೇಳಿ ನಕ್ಕು ಸುಮ್ಮನಾಗುತ್ತೇವೆ. ಆದರೆ ಮನಸ್ಸು ಕೆಟ್ಟವರ ಕೈಗೆ ಕೆಲಸ ಕೊಟ್ಟರೆ ಮನಸ್ಸೂ ಸ್ವಲ್ಪ ನೆಟ್ಟಗಾಗುತ್ತದೆ ಎಂಬ ವಿಚಾರ ಹುಟ್ಟಿದ್ದು ಜನ ಹೆಸರೆತ್ತಲು ಅಂಜುವ ಇಂಥ ಜಾಗಗಳಲ್ಲೇ.

1917ರ ಮಾರ್ಚಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಕೆಲವೇ ಜನ ಸೇರಿ ಇದಕ್ಕೆ ಒಂದು ಸಂಘ ಕಟ್ಟಿದರು. ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಕೈಕಾಲು ಕಳೆದುಕೊಂಡ ಸೈನಿಕರಿಗೆ ಬುಟ್ಟಿ ಹೆಣೆಯುವುದು, ಬಡಿಗತನ, ನೇಯ್ಗೆ ಕಲಿಸುತ್ತ ಈ ವಿದ್ಯೆ ಬೆಳೆಯಿತು.

ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬಕರ್. ಹುಟ್ಟಿದಾಗ ಇವರ ಹೆಸರು ಎಲಿಜಬೆತ್ ಲಂಡಿ, ಅಮೆರಿಕದವರು. ನಿಂಬಕರ್ ಮನೆತನಕ್ಕೆ ಸೊಸೆಯಾಗಿ ಬಂದು ಹೆಸರು, ಊರು ಎರಡನ್ನೂ ಬದಲಿಸಿಕೊಂಡರು. ಮತ್ತೆ ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯಾದಲ್ಲಿ ಈ ವಿದ್ಯೆ ಕಲಿತು ಬಂದು, 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಶನಲ್ ಥೆರಪಿ ಶಾಲೆ ತೆರೆದರು. ಆಗ ಧಾರವಾಡ ಜಿಲ್ಲೆ ಇದ್ದದ್ದು ಮುಂಬಯಿ ರಾಜ್ಯದಲ್ಲಿ ಎಂಬುದು ನೆನಪಿರಲಿ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಂದರೆ ಆ ಶಾಲೆ ಶುರುವಾದದ್ದು ನಮ್ಮದೇ ರಾಜಧಾನಿಯಲ್ಲಿ! 1952ರಲ್ಲಿ ಜಾಗತಿಕ ಒಕ್ಕೂಟ ಸ್ಥಾಪನೆಯಾದಾಗ ಅದರ ಮೊದಲ ಹತ್ತು ದೇಶಗಳಲ್ಲಿ ಭಾರತವೂ ಒಂದಾಗಿತ್ತು.

ಇಷ್ಟೆಲ್ಲ ಅವ್ವನಿಗೆ ಹೇಳಿದೆ. "ಅದೆಲ್ಲಾ ಖರೇ. ಕೂಸಿಗೆ ಏನ ಉದ್ಯೋಗ ಅದನ್ನ ಹೇಳು" ಎಂದಳು.

ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಸಮಾಧಾನಕ್ಕೆ ಏನಾದರೂ ಸಿಗಬಹುದೆಂದು ಓದುತ್ತ ಕುಳಿತಾಗ ಚಾರ್ಲ್ಸ್ ಡಾರ್ವಿನ್ ಸಿಕ್ಕ. ಡಾರ್ವಿನ್ನನ ಮೊದಲ ಮಗ ವಿಲಿಯಂ ಹುಟ್ಟಿದ್ದು 1839ರ ಡಿಸೆಂಬರ್ 27ಕ್ಕೆ. ಅಪ್ಪ ಕೂಸಿನ ಪಕ್ಕ ಕೂತು ಸೀನು, ಆಕಳಿಕೆ, ಅಳು, ಸಿಟ್ಟು ಎಲ್ಲವನ್ನೂ ಬರೆದಿಟ್ಟುಕೊಂಡ. 37 ವರ್ಷಗಳ ಮೇಲೆ, 1877ರಲ್ಲಿ, ಆ ಟಿಪ್ಪಣಿಗಳು "ಮೈಂಡ್" ಎಂಬ ಪತ್ರಿಕೆಯಲ್ಲಿ ಅಚ್ಚಾದವು. ಅದರಲ್ಲಿ ಒಂದು ಸಂಗತಿ ಇದೆ. ಕೂಸು 77 ದಿನದ್ದಿದ್ದಾಗ ಹಾಲಿನ ಬಾಟಲಿಯನ್ನು ಬಲಗೈಯಿಂದ ಹಿಡಿಯಿತಂತೆ. ದಾದಿ ಯಾವ ಕಡೆ ಎತ್ತಿಕೊಂಡರೂ ಬಲಗೈಯೇ. ಡಾರ್ವಿನ್ ಎಷ್ಟು ಪ್ರಯತ್ನಿಸಿದರೂ ಎಡಗೈಯಿಂದ ಹಿಡಿಯಲಿಲ್ಲ, ಒಂದು ವಾರ ಕಳೆದ ಮೇಲೆ ಹಿಡಿಯಿತು. ಆ ಹುಡುಗ ಬೆಳೆದು ಏನಾದ ಗೊತ್ತೇ? ಎಡಚನಾದ! ಅವನ ಅಜ್ಜ, ತಾಯಿ, ಒಬ್ಬ ತಮ್ಮ ಕೂಡ ಎಡಚರೇ ಎಂದು ಡಾರ್ವಿನ್ ಬರೆದಿದ್ದಾನೆ.

ಓದಿ ಎದ್ದು ಕುಳಿತೆ. ಡಾರ್ವಿನ್ನನ ಮಗನೂ ಬರೇ ಬಲಗೈ ಬಳಸಿದ್ದ, ಏನೂ ಆಗಲಿಲ್ಲ! ಇದನ್ನೇ ನಾಳೆ ಹೇಳಿದರಾಯಿತು ಎಂದುಕೊಂಡು ಮಲಗಿದೆ.

ಥೆರಪಿಸ್ಟ್ ಮೇಡಂ ಸಣ್ಣ ವಯಸ್ಸಿನವರು, ಮಂಗಳೂರು ಕಡೆಯ ಕನ್ನಡ. ಅವರು "ಮಗು" ಅಂದಾಗಲೆಲ್ಲ ಅವ್ವ "ಕೂಸು" ಅಂದಳು. ಮೊದಲು ಅವರು ಕೇಳಿದ್ದು ಹುಟ್ಟಿದ ತಾರೀಕನ್ನಲ್ಲ, ಹುಟ್ಟಬೇಕಾಗಿದ್ದ ತಾರೀಕನ್ನು. ದಿನ ತುಂಬದೆ ಹುಟ್ಟಿದ ಕೂಸಿನ ವಯಸ್ಸನ್ನು ಅಲ್ಲಿಂದ ಲೆಕ್ಕ ಹಾಕಬೇಕಂತೆ. ಎರಡು ವರ್ಷ ತುಂಬುವವರೆಗೆ ಇದೇ ಪದ್ಧತಿ. ನಮ್ಮ ಒಂಬತ್ತು ತಿಂಗಳ ಕೂಸು ಅವರ ಲೆಕ್ಕದಲ್ಲಿ ಏಳು ತಿಂಗಳದ್ದು. "ಹಂಗಾದ್ರ ಇನ್ನೂ ಟೈಮ್ ಐತಿ" ಎಂದು ತಂಗಿ ಉಸಿರು ಬಿಟ್ಟಳು.

ಆಮೇಲೆ ಚೀಲದಿಂದ ಒಂದು ಕೆಂಪು ಕಟ್ಟಿಗೆ ತುಂಡು ತೆಗೆದರು. ಒಂದು ಇಂಚು ಉದ್ದ, ಒಂದು ಇಂಚು ಅಗಲ, ಒಂದು ಇಂಚು ಎತ್ತರ. ಇದಕ್ಕೂ ಒಂದು ಇತಿಹಾಸ ಇದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ 1911ರಲ್ಲಿ ಮಕ್ಕಳ ಬೆಳವಣಿಗೆಯ ಕ್ಲಿನಿಕ್ ಶುರುಮಾಡಿದ. ಅಲ್ಲಿ ಹಾಲ್ವರ್ಸನ್ ಎಂಬ ಸಂಶೋಧಕ 16 ವಾರದಿಂದ 52 ವಾರದವರೆಗಿನ ಶಿಶುಗಳ ಮುಂದೆ ಇಂಥದೇ ಒಂದಿಂಚಿನ ಕೆಂಪು ತುಂಡು ಇಟ್ಟು, ಅವು ಅದನ್ನು ಹೇಗೆ ಹಿಡಿಯುತ್ತವೆ ಎಂಬುದನ್ನು ಸಿನಿಮಾ ಕ್ಯಾಮೆರಾದಲ್ಲಿ ಸೆರೆಹಿಡಿದ. ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ನೋಡಿ ಹಿಡಿತದಲ್ಲಿ ಹತ್ತು ಬಗೆ ಗುರುತಿಸಿ 1931ರಲ್ಲಿ ಪ್ರಕಟಿಸಿದ. ಮುಟ್ಟಲಿಕ್ಕೂ ಬರದ ಹಂತ, ಬರೀ ತಾಗಿಸುವ ಹಂತ, ಅಂಗೈಗೆ ಒತ್ತಿ ಹಿಡಿಯುವುದು, ಹೆಬ್ಬೆರಳು ಸಹಾಯಕ್ಕೆ ಬರುವುದು, ಕೊನೆಗೆ ಬೆರಳ ತುದಿಯಿಂದಲೇ ಎತ್ತುವುದು... ಹೀಗೆ.

ಹುಟ್ಟಿದ ಕೂಸು ಬೆರಳನ್ನು ಗಟ್ಟಿಯಾಗಿ ಹಿಡಿಯುತ್ತದಲ್ಲ, ಅದು ಕಲಿತ ಕೆಲಸವಲ್ಲ. 1891ರಲ್ಲಿ ಇಂಗ್ಲೆಂಡಿನ ಲೂಯಿ ರಾಬಿನ್ಸನ್ ಎಂಬ ವೈದ್ಯ ಅರವತ್ತಕ್ಕೂ ಹೆಚ್ಚು ನವಜಾತ ಶಿಶುಗಳ ಕೈಗೆ ತನ್ನ ಬೆರಳನ್ನೋ ಸಣ್ಣ ಕೋಲನ್ನೋ ಕೊಟ್ಟು ತೂಗುಬಿಟ್ಟು ನೋಡಿದ. (ಇವತ್ತು ಯಾರಾದರೂ ಹೀಗೆ ಮಾಡಿದರೆ ಪೊಲೀಸರು ಬರುತ್ತಾರೆ!) ಇಬ್ಬರನ್ನು ಬಿಟ್ಟು ಉಳಿದೆಲ್ಲ ಶಿಶುಗಳೂ ಕನಿಷ್ಠ ಹತ್ತು ಸೆಕೆಂಡು ತಮ್ಮ ಮೈಭಾರ ಹೊತ್ತು ಜೋತಾಡಿದವು. ಮಂಗನ ಮರಿ ತಾಯಿಗೆ ಅಂಟಿಕೊಂಡಂತೆ. ಈ ಹಿಡಿತ ಮೂರು-ನಾಲ್ಕು ತಿಂಗಳಲ್ಲಿ ಸಡಿಲವಾಗಬೇಕು. ಮುಷ್ಟಿ ಬಿಚ್ಚಿದ ಮೇಲೆಯೇ ಕೈ ಕೆಲಸ ಕಲಿಯಲು ಶುರುಮಾಡುವುದು. ನಾಲ್ಕೈದು ತಿಂಗಳಿಗೆ ಕೈ ಚಾಚುವುದು, ಆರು-ಏಳು ತಿಂಗಳಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದು, ಒಂಬತ್ತು-ಹತ್ತಕ್ಕೆ ಹೆಬ್ಬೆರಳು-ತೋರುಬೆರಳಿನಿಂದ ಸಣ್ಣದನ್ನು ಹೆಕ್ಕುವುದು, ವರ್ಷದ ಹೊತ್ತಿಗೆ ಬೇಕೆಂದಾಗ ಬಿಟ್ಟುಕೊಡುವುದು. ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ ಎಂದು ಮೇಡಂ ಹೇಳಿದಾಗ ಅವ್ವ "ದೊಡ್ಡವರಿಗೂ ಹಂಗ ಐತ್ರಿ" ಎಂದಳು.

ಕೂಸು ಕೆಂಪು ತುಂಡನ್ನು ಬಲಗೈಯಿಂದ ಟಕ್ಕನೆ ಹಿಡಿಯಿತು. ನಮಗೆಲ್ಲ ನಗು. ಮೇಡಂ ಎರಡನೆಯ ತುಂಡು ಕೊಟ್ಟರು. ಈ ವಯಸ್ಸಿನ ಕೂಸು ಎರಡನೆಯದಕ್ಕೆ ಇನ್ನೊಂದು ಕೈ ಚಾಚಬೇಕು, ಇಲ್ಲವೇ ಮೊದಲಿನದನ್ನು ಆ ಕೈಗೆ ದಾಟಿಸಬೇಕು. ನಮ್ಮ ಕೂಸು ಮೊದಲನೆಯದನ್ನು ಕೆಳಗೆ ಬಿಟ್ಟು ಅದೇ ಬಲಗೈಯಿಂದ ಎರಡನೆಯದನ್ನು ಹಿಡಿಯಿತು. ಮತ್ತೆ ಮತ್ತೆ ಕೊಟ್ಟರೂ ಅದೇ ಆಟ. ಆಮೇಲೆ ಒಂದು ತೆಳು ಬಟ್ಟೆಯನ್ನು ಕೂಸಿನ ಮುಖದ ಮೇಲೆ ಹಾಕಿದರು. ಬಲಗೈ ಚಟ್ಟನೆ ಎಳೆದು ತೆಗೆಯಿತು. ಎರಡನೆಯ ಸಲ ಬಲಗೈಯನ್ನು ಮೆಲ್ಲಗೆ ಹಿಡಿದುಕೊಂಡು ಬಟ್ಟೆ ಹಾಕಿದರು. ಎಡಗೈ ಸ್ವಲ್ಪ ಮೇಲೆದ್ದಿತು, ಮುಷ್ಟಿ ಬಿಚ್ಚಲಿಲ್ಲ. ಬಟ್ಟೆಯ ಕೆಳಗಿನಿಂದ ಕೂಸಿನ ಅಳು ಕೇಳಿಸಿತು. ಮೇಡಂ ತಕ್ಷಣ ಬಟ್ಟೆ ತೆಗೆದು ಎತ್ತಿಕೊಂಡರು. ನಗುತ್ತಿದ್ದ ನಾವೆಲ್ಲ ಸುಮ್ಮನಾದೆವು.

ಆಗ ನಾನು ನನ್ನ ಡಾರ್ವಿನ್ನನನ್ನು ಹೊರಗೆ ತೆಗೆದೆ. ಅವರು ಪೂರ್ತಿ ಕೇಳಿದರು. ಆಮೇಲೆ ಅಂದರು, "ಸರ್, ಆ ಮಗುವಿನ ಎಡಗೈ ಒಂದು ವಾರ ಹಿಂದೆ ಇತ್ತು ಅಷ್ಟೇ ಅಲ್ವಾ? ಇಲ್ಲಿ ಎಡಗೈ ಇನ್ನೂ ಬಂದೇ ಇಲ್ಲ."

ಅಷ್ಟೇ. ನಾನು ಅದೇ ಪುಟವನ್ನು ಓದಿದ್ದೆ, ನನಗೆ ಬೇಕಾದ ಸಾಲನ್ನಷ್ಟೇ ಹಿಡಿದುಕೊಂಡು ಬಂದಿದ್ದೆ. ಬಲಗೈ, ಎಡಗೈ ಎಂಬ ಒಲವು ನೆಲೆಗೊಳ್ಳುವುದು ಎರಡು ವರ್ಷದ ಆಚೆಗೆ. ಒಂದು ವರ್ಷದೊಳಗಿನ ಕೂಸು ಸದಾ ಒಂದೇ ಕೈ ಬಳಸುತ್ತಿದ್ದರೆ ಅದು ಆ ಕೈಯ ಜಾಣತನವಲ್ಲ, ಇನ್ನೊಂದು ಕೈಯ ತೊಂದರೆ ಇರಬಹುದು. ನಾವು ತಿಂಗಳುಗಟ್ಟಲೆ ಮೆಚ್ಚಿದ್ದು ಅದನ್ನೇ.

ಮೇಡಂ ಅಂಕಗಳನ್ನು ಬರೆದುಕೊಂಡ ಪುಸ್ತಿಕೆಯ ಬಗ್ಗೆಯೂ ಕೇಳಿದೆ (ಚಟ ಬಿಡದು). ಅದು ಬರೋಡಾದ್ದು. ಅಲ್ಲಿಯ ವಿಶ್ವವಿದ್ಯಾಲಯದ ಪ್ರಮೀಳಾ ಫಾಟಕ್ ಅವರು, ಅಮೆರಿಕದ ನ್ಯಾನ್ಸಿ ಬೇಲಿಯ ಅಳತೆಗೋಲನ್ನು ಆಧರಿಸಿ, ನಮ್ಮ ದೇಶದ ಶಿಶುಗಳನ್ನೇ ಪರೀಕ್ಷಿಸಿ ತಯಾರಿಸಿದ್ದು. ಒಂದರಿಂದ 30 ತಿಂಗಳವರೆಗಿನ ಮಕ್ಕಳಿಗೆ. ಚಲನೆಗೆ ಸಂಬಂಧಿಸಿ 67, ಬುದ್ಧಿಗೆ ಸಂಬಂಧಿಸಿ 163 ಅಂಶಗಳಿವೆ. 1997ರಲ್ಲಿ ಪರಿಷ್ಕಾರವಾಯಿತು. ಇದರಿಂದಲೇ 17 ಅಂಶ ಆರಿಸಿಕೊಂಡು ತಿರುವನಂತಪುರದವರು 1991ರಲ್ಲಿ ಒಂದು ಪುಟದ ಚಾರ್ಟ್ ಮಾಡಿದರು, ಹಳ್ಳಿಯ ಕಾರ್ಯಕರ್ತೆಯೂ ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುವಂತೆ. ಶಾಸನ ಓದುವವರನ್ನು ಮೆಚ್ಚುವ ನಾನು, ನೂರಾರು ಕೂಸುಗಳ ಮುಂದೆ ತಾಳ್ಮೆಯಿಂದ ಕೂತು ಕೈಬೆರಳು ಓದಿದ ಇಂಥವರ ಹೆಸರನ್ನೇ ಕೇಳಿರಲಿಲ್ಲ.

ಮೇಡಂ ರೋಗದ ಹೆಸರು ಹೇಳಲಿಲ್ಲ. ಅದು ತಮ್ಮ ಕೆಲಸವಲ್ಲ ಎಂದು ಮಕ್ಕಳ ನರರೋಗ ತಜ್ಞರ ಕಡೆ ಕಳಿಸಿದರು. ಸ್ಕ್ಯಾನ್ ಆಯಿತು. ಮಿದುಳಿನ ಬಲಭಾಗದಲ್ಲಿ, ಹುಟ್ಟಿದ ಹೊಸದರಲ್ಲಿ ಆದ ರಕ್ತಸ್ರಾವದ ಹಳೆಯ ಗುರುತು. ಮಿದುಳಿನ ಬಲಭಾಗ ಆಳುವುದು ಎಡಗೈಯನ್ನು. ಸೆರೆಬ್ರಲ್ ಪಾಲ್ಸಿ, ಅದರಲ್ಲಿ ಒಂದೇ ಬದಿಯದು.

ಈ ತೊಂದರೆಯನ್ನು ಹೆರಿಗೆಯ ಕಷ್ಟಗಳಿಗೆ, ದಿನ ತುಂಬದ ಹುಟ್ಟಿಗೆ ಜೋಡಿಸಿ ವಿವರಿಸಿದವನು ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್, 1861ರಲ್ಲಿ. ಮಕ್ಕಳಲ್ಲಿ ಒಂದೇ ಬದಿಗೆ ಬರುವ ಬಗೆಯ ಮೇಲೆ ದೊಡ್ಡ ಅಧ್ಯಯನ ಬರೆದವರು ವಿಯೆನ್ನಾದ ಇಬ್ಬರು ವೈದ್ಯರು, 1891ರಲ್ಲಿ. ಒಬ್ಬನ ಹೆಸರು ಆಸ್ಕರ್ ರೀ. ಇನ್ನೊಬ್ಬ ಸಿಗ್ಮಂಡ್ ಫ್ರಾಯ್ಡ್! ಕನಸುಗಳ ಅರ್ಥ ಹೇಳುವ ಮೊದಲು ಆತ ಮಕ್ಕಳ ಕೈಕಾಲು ನೋಡುತ್ತಿದ್ದ ನರವೈದ್ಯ. ಆಗ ಹೆಸರಿಡಲು, ವಿಂಗಡಿಸಲು ಬಂತು, ಆದರೆ ಚಿಕಿತ್ಸೆ ಹೆಚ್ಚೇನೂ ಇರಲಿಲ್ಲ. ಈಗ ಮಾಡಬಹುದಾದದ್ದು ಇದೆ, ಬೇಗ ಗೊತ್ತಾಗಬೇಕಷ್ಟೆ. ಮೊದಲ ವರ್ಷಗಳಲ್ಲಿ ಮಿದುಳು ಹೊಸ ದಾರಿಗಳನ್ನು ಹಾಕಿಕೊಳ್ಳುತ್ತಿರುತ್ತದೆ, ಬಳಸಿದ ದಾರಿ ಗಟ್ಟಿಯಾಗುತ್ತದೆ, ಬಳಸದ್ದು ಮುಚ್ಚುತ್ತದೆ. ಸ್ವೀಡನ್ನಿನ ಥೆರಪಿಸ್ಟರು 3ರಿಂದ 12 ತಿಂಗಳ ಶಿಶುಗಳ ಎರಡೂ ಕೈಗೆ ಬೇರೆ ಬೇರೆ ಅಂಕ ಕೊಡುವ ಪರೀಕ್ಷೆಯನ್ನು 2017ರಲ್ಲಿ ಪ್ರಕಟಿಸಿದ್ದೂ ಇದಕ್ಕಾಗಿಯೇ.

ಮನೆಗೆ ಕೊಟ್ಟ ಚಿಕಿತ್ಸೆ ಏನು ಗೊತ್ತೇ? ದಿನಕ್ಕೆ ಅರ್ಧ ಗಂಟೆ ಕೂಸಿನ ಬಲಗೈಗೆ ಮೆತ್ತನೆಯ ಕಾಲಚೀಲ ಹಾಕಿ, ಎಡಗಡೆಯಿಂದ ಆಟಿಕೆ ಕೊಟ್ಟು ಆಡಿಸುವುದು. ಉಳಿದ ಹೊತ್ತು ಎರಡೂ ಕೈ ಬೇಕಾಗುವ ಆಟ. ದೊಡ್ಡ ಚೆಂಡು, ಚಪ್ಪಾಳೆ, ತಾಟು ಬಡಿಯುವುದು. ಕೂಸಿನ ಉದ್ಯೋಗ ಆಟ, ಅದಕ್ಕೇ ಈ ಹೆಸರು ಎಂದು ಮೇಡಂ ಹೇಳಿದಾಗ ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಮೊದಲ ದಿನ ಕಾಲಚೀಲ ಹಾಕುವಾಗ ಅವ್ವನ ಕೈ ನಡುಗಿತು. ನನ್ನ ಮುಖ ನೋಡಿದಳು. ಇದೇ ಮನೆಯಲ್ಲಿ ಒಬ್ಬನ ಎಡಗೈ ಕಟ್ಟಿದವಳು ಈಗ ಇನ್ನೊಬ್ಬಳ ಬಲಗೈ ಮುಚ್ಚುತ್ತಿದ್ದಳು. "ಅತ್ತರ ತಗದ ಬಿಡಬೇಕಂತ ಹೇಳ್ಯಾರ" ಎಂದಳು, ನಾನು ಕೇಳದಿದ್ದರೂ. ಹೌದು, ಮೇಡಂ ಅದನ್ನು ಒತ್ತಿ ಹೇಳಿದ್ದರು. ಕಟ್ಟಬಾರದು, ಗದರಬಾರದು, ಅತ್ತರೆ ತಕ್ಷಣ ಬಿಚ್ಚಬೇಕು. ನನ್ನ ಕಾಲಕ್ಕೂ ಈ ಕಾಲಕ್ಕೂ ಇರುವ ಅಂತರ ಇಷ್ಟೇ, ಮತ್ತು ಅದು ಸಣ್ಣದಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವ್ವ ಮೆಲ್ಲಗೆ "ನಿನಗ ಭಾಳ ಹೊಡದನಿ ನಾ" ಎಂದಳು. ನಾನು ಏನೂ ಹೇಳಲಿಲ್ಲ. ಕೂಸಿನ ಎಡಗಡೆ ಗಿಲಕಿ ಆಡಿಸುತ್ತ ಕುಳಿತೆ.

ಈಗ ಕೂಸಿಗೆ ಒಂದೂವರೆ ವರ್ಷ. ಪವಾಡ ಏನೂ ಆಗಿಲ್ಲ, ಆಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೆಬ್ಬೆರಳು ಮುಷ್ಟಿಯಿಂದ ಹೊರಗೆ ಬಂದಿದೆ. ಕಳೆದ ತಿಂಗಳು ನಾವೆಲ್ಲ ಕುಳಿತು ಚುರಮರಿ ತಿನ್ನುತ್ತಿದ್ದಾಗ ತಾಟಿನಿಂದ ಎಡಗೈಯಿಂದ ನಾಲ್ಕು ಕಾಳು ಬಾಚಿಕೊಂಡಿತು. ಮೂರು ಕೆಳಗೆ ಬಿದ್ದವು, ಒಂದು ಬಾಯಿಗೆ ಹೋಯಿತು. ಬೆರಳ ತುದಿಯ ಹಿಡಿತ ಇನ್ನೂ ಇಲ್ಲ. ಎಡಗೈ ಬಹುಶಃ ಯಾವಾಗಲೂ ಸಹಾಯಕ ಕೈಯಾಗಿಯೇ ಉಳಿಯುತ್ತದೆ ಎಂದು ಮೇಡಂ ಹೇಳಿದ್ದಾರೆ. ತಂಗಿ ಅದನ್ನು ಕೇಳಿ ಬಹಳ ಅತ್ತಳು.

ಅವಳನ್ನು ಸಮಾಧಾನ ಮಾಡಿದ್ದು ನನ್ನ ಇತಿಹಾಸವಲ್ಲ, ಅವ್ವನ ಕಸೂತಿ. ಅವ್ವ ಹರೆಯದಲ್ಲಿ ಇಳಕಲ್ ಸೀರೆಗಳ ಮೇಲೆ ಗವಂತಿ, ಮುರಗಿ, ನೇಯ್ಗಿ, ಮೆಂತೆ ನಾಲ್ಕೂ ಹೊಲಿಗೆ ಹಾಕಿದವಳು. ಎಳೆ ಎಣಿಸಿ ಹಾಕುವ ಕೆಲಸ ಅದು. ಹಳೆಯ ಸೀರೆಯೊಂದನ್ನು ತೆಗೆದು ತಂಗಿಯ ಮುಂದೆ ಹರವಿ ಹೇಳಿದಳು, "ಎಲ್ಲಾರೂ ಸೂಜಿ ಹಿಡಿಯೋ ಕೈಯ ನೋಡತಾರ. ಎಡಗೈ ಬಟ್ಟಿ ಹಿಡಿಲಿಲ್ಲಂದ್ರ ಬಲಗೈ ಏನ ಮಾಡತೈತಿ? ಬಟ್ಟಿ ಹಿಡಿಯೋ ಕೈಯೂ ಕೈನ ಐತಿ."

ಗೆಳೆಯರೇ, ಇದನ್ನು ಬರೆಯಲು ಒಂದೇ ಕಾರಣ. ನಿಮ್ಮ ಮನೆಯಲ್ಲಿ ವರ್ಷದೊಳಗಿನ ಕೂಸಿದ್ದರೆ, ಅದು ಸದಾ ಒಂದೇ ಕೈ ಬಳಸುತ್ತಿದ್ದರೆ, ನಾಲ್ಕು ತಿಂಗಳಾದ ಮೇಲೂ ಒಂದು ಮುಷ್ಟಿ ಬಿಚ್ಚದೆ ಇದ್ದರೆ, ಮೆಚ್ಚಿಕೊಂಡು ಕೂಡಬೇಡಿ, ತೋರಿಸಿರಿ. ಎಲ್ಲವೂ ರೋಗವೇ ಆಗಿರಬೇಕಿಲ್ಲ, ತೋರಿಸಿದರೆ ನಷ್ಟವೂ ಇಲ್ಲ. ಖಾಸಗಿ ಕಡೆ ದುಡ್ಡು ಬಹಳವಾಗುತ್ತದೆ ಎನ್ನುವವರಿಗೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ಉಚಿತ ತಪಾಸಣೆಯ ವ್ಯವಸ್ಥೆ ಇದೆ. ನಿಮ್ಮ ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿರಿ.

ಮತ್ತೆ ನಿಮ್ಮ ಕಡೆ ಅಜ್ಜಿಯರು ಕೂಸುಗಳ ಕೈಗೆ ಆಡಿಸುವ ಆಟಗಳಿದ್ದರೆ ಕೆಳಗೆ ಬರೆಯಿರಿ. ಎರಡೂ ಕೈ ಬೇಕಾಗುವಂಥವು ಇದ್ದರೆ ಇನ್ನೂ ಚೆನ್ನ. ನಮ್ಮಲ್ಲಿ ಒಬ್ಬಳು ಕಾಯುತ್ತಿದ್ದಾಳೆ.